ತೆರೆಯದ ಬೀಗವಿಲ್ಲದವನು

ಮಾರ್ಚ್ ೧೧, ಮಂಗಳವಾರ. ಬೆಳಗಿನಿಂದ ಮೋಡ ಕವಿದಿತ್ತು. ಮಧ್ಯಾಹ್ನ ನಾಲ್ಕು ಹನಿ ಉದುರಿ, ಧೂಳು ಅಡಗುವ ಮೊದಲೇ ನಿಂತುಹೋಯಿತು.

ಇಂದು ಅಣ್ಣನನ್ನು ವಕೀಲರ ಬಳಿಗೆ ಕರೆದುಕೊಂಡು ಹೋಗಿದ್ದೆ. ಹೋದ ಕೆಲಸ ಆಗಲಿಲ್ಲ. ಅವನ ಬಗ್ಗೆ ಕಂಡವರೆಲ್ಲ ಬರೆದಿರುವಾಗ, ಬಲ್ಲವರೊಬ್ಬರೂ ಬರೆದಿಡುವುದು ಒಳ್ಳೆಯದೆನಿಸಿ ಇಷ್ಟು ಬರೆಯುತ್ತಿದ್ದೇನೆ.

ಅಣ್ಣ ಬೀಗ ರಿಪೇರಿ ಮಾಡುವವನು. ಹಳೆಯ ವಾಣಿಜ್ಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ ಅವನ ಅಂಗಡಿ. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು, ಮೂಲೆಯಲ್ಲಿ ಕೊರೆಯುವ ಯಂತ್ರ, ಅರಗಳ ಡಬ್ಬಿ, ಎಣ್ಣೆಯ ಬಾಟಲಿ. ಬೀದಿಯವರಿಗೆಲ್ಲ ಅವನು ಬೀಗದ ಮಾವ. ಬಾಗಿಲು ಎಳೆದುಕೊಂಡು ಹೊರಗೆ ಉಳಿದವರು ಮೊದಲು ನೆನೆಯುತ್ತಿದ್ದುದು ಅವನನ್ನೇ. ತೀರಿಕೊಂಡವರ ಕಪಾಟು ತೆರೆಯಲು ಕರೆದರೆ, ಬೀಗ ಬಿಟ್ಟ ಸದ್ದು ಕೇಳಿದ ಕೂಡಲೇ ಒಳಗೆ ಇಣುಕದೆ ಹೊರಗೆ ಬಂದುಬಿಡುತ್ತಿದ್ದ. ಏನಿತ್ತು ಎಂದು ಅತ್ತಿಗೆ ಕೇಳಿದರೆ, "ಗಾಳಿ" ಎನ್ನುತ್ತಿದ್ದ.

ಅವನಿಗೆ ಕಸುಬು ಕಲಿಸಿದವರು ಒಂದು ಕಟ್ಟುಪಾಡನ್ನೂ ಕಲಿಸಿದ್ದರು: ಬೀಗ ತೆರೆಯುವುದನ್ನು ಮನೆಯ ಯಜಮಾನರೂ ನೋಡಬಾರದು. ಎಲ್ಲರನ್ನೂ ಮೆಟ್ಟಿಲಿನ ತಿರುವಿಗೆ ಕಳುಹಿಸಿ, ಆಚೀಚೆ ನೋಡಿ, ಬೆನ್ನನ್ನು ಅಡ್ಡಮಾಡಿಕೊಂಡು ಕೂರುತ್ತಿದ್ದ. ವಿದ್ಯೆ ಯಾರ್ಯಾರದೋ ಕೈ ಸೇರಬಾರದೆಂಬ ಎಚ್ಚರ ಅದು. ಕಳೆದ ವರ್ಷ ನರ್ಸಮ್ಮನೊಬ್ಬರ ಬಾಗಿಲ ಮುಂದೆ ಹೀಗೆ ಕೂತಿದ್ದಾಗ ಎದುರು ಕಟ್ಟಡದ ಕಿಟಕಿಯಿಂದ ಯಾರೋ ವಿಡಿಯೋ ತೆಗೆದರು. ಆಚೀಚೆ ನೋಡಿದ್ದು, ಬಗ್ಗಿದ್ದು, ಬಾಗಿಲು ತೆರೆದದ್ದು ಎಲ್ಲ ಅದರಲ್ಲಿದೆ. ತಿರುವಿನಲ್ಲಿ ಕಾಯುತ್ತಿದ್ದ ನರ್ಸಮ್ಮ ಮಾತ್ರ ಇಲ್ಲ. "ಹಾಡಹಗಲೇ ಕಳ್ಳತನ" ಎಂಬ ತಲೆಬರಹ ಹೊತ್ತು ಅದು ಸಂಜೆಯೊಳಗೆ ಎಲ್ಲರ ಫೋನಿಗೂ ಬಂತು.

ವಿಡಿಯೋ ತೆಗೆದವರು ನಿಜ ತಿಳಿದು ಅದನ್ನು ಅಳಿಸಿದರು. ಮನೆಗೇ ಬಂದು ಕ್ಷಮೆಯನ್ನೂ ಕೇಳಿದರು. ಆ ವಿಡಿಯೋದಲ್ಲಿ ಅಣ್ಣನ ಮುಖವೂ ಮಸುಕಾಗಿತ್ತು. ಸುಮ್ಮನಿದ್ದರೆ ಜನ ಮರೆಯುತ್ತಿದ್ದರೇನೋ.

"ಕಳ್ಳನೋ ಕಸುಬುದಾರನೋ ಅಂತ ನಾನೇ ತೋರಿಸ್ತೀನಿ ಪುಟ್ಟಿ," ಎಂದ ಅಣ್ಣ. ನನಗೆ ಐವತ್ತು ಹತ್ತಿರವಾದರೂ ಅವನಿಗೆ ನಾನು ಪುಟ್ಟಿಯೇ.

ಅಂಗಡಿಯ ಮುಂದೆ ಬೆಳಕಿಗೆ ಮುಖಮಾಡಿ ಕುಳಿತು, ಹೆಸರು, ವಿಳಾಸ, ಎಷ್ಟು ವರ್ಷದ ಅನುಭವ ಎಲ್ಲ ಹೇಳಿದ. ಮಾತಿಗಿಂತ ಕೈ ಹೆಚ್ಚು ನಂಬಿಕೆ ಹುಟ್ಟಿಸುತ್ತದೆಂದು ಅವನ ಎಣಿಕೆ. ಜೀವಮಾನದಲ್ಲಿ ಮೊದಲ ಸಲ ಕಟ್ಟುಪಾಡು ಮುರಿದು, ಎಲ್ಲರಿಗೂ ಕಾಣುವಂತೆ ಮೂರು ದಪ್ಪ ಬೀಗಗಳನ್ನು ತಂತಿಯಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದು ನಕ್ಕ. ಫೋನು ಹಿಡಿದು ಅದನ್ನೆಲ್ಲ ವಿಡಿಯೋ ಮಾಡಿ ಹಾಕಿದವರು ಅತ್ತಿಗೆ.

ಯಾರೋ ಅವನ ಮಾತನ್ನು ಕತ್ತರಿಸಿ ಎಸೆದು, ಕೈಯನ್ನೂ ನಗುವನ್ನೂ ಉಳಿಸಿಕೊಂಡರು. "ಈ ಮನುಷ್ಯನಿಗೆ ತೆರೆಯದ ಬೀಗವಿಲ್ಲ. ನಿಮ್ಮ ಬೀದಿಯಲ್ಲಿ ಕಂಡರೆ ಎಚ್ಚರ" ಎಂದು ಮೇಲೆ ಬರೆದರು. ಈ ಸಲ ಮುಖ ಸ್ಪಷ್ಟವಾಗಿತ್ತು. ಕರೆಗಳು ನಿಂತವು. ನರ್ಸಮ್ಮ ಕೂಡ ತಮ್ಮ ಬೀಗವನ್ನು ಬೇರೆಯವರಿಂದ ಬದಲಾಯಿಸಿಕೊಂಡರು. ವಿಡಿಯೋ ಹರಿದಾಡುತ್ತಿದ್ದ ಆ್ಯಪಿನ ಕಂಪನಿಗೆ ದೂರು ಕೊಟ್ಟೆವು. ನಿಯಮದ ಉಲ್ಲಂಘನೆ ಕಂಡುಬಂದಿಲ್ಲವೆಂದು ಉತ್ತರ ಬಂತು. ಕೊನೆಗೆ ಕಟ್ಟಡದ ಯಜಮಾನರು, "ಉಳಿದ ಅಂಗಡಿಯವರು ಗಲಾಟೆ ಮಾಡ್ತಿದಾರೆ. ಈ ತಿಂಗಳೊಳಗೆ ಆ ವಿಡಿಯೋ ನಿಲ್ಲಿಸೋ ಕೋರ್ಟಿನ ಒಂದು ಆದೇಶ ತನ್ನಿ, ಇಲ್ಲಾಂದ್ರೆ ಜಾಗ ಖಾಲಿ ಮಾಡಿ," ಎಂದರು.

ವಕೀಲೆ ಚಿಕ್ಕ ವಯಸ್ಸಿನವರು, ಕನಿಕರವುಳ್ಳವರು. ವಿಡಿಯೋವನ್ನು ಎರಡು ಸಲ ನೋಡಿದರು.

"ಕಳ್ಳ ಅಂದವರು ಅಳಿಸಿ, ಕ್ಷಮೆ ಕೇಳಿಬಿಟ್ಟಿದಾರೆ. ಈಗ ಓಡಾಡ್ತಿರೋದು ನಿಮ್ಮದೇ ವಿಡಿಯೋ. ಮೇಲೆ ಬರೆದವರು ಯಾರು ಅಂತ ಗೊತ್ತಿಲ್ಲ, ಕಂಪನಿಯಿಂದ ಹೆಸರು ಪಡೆಯೋಕೇ ಬೇರೆ ಅರ್ಜಿ ಬೇಕು, ಅದಕ್ಕೆ ವರ್ಷ ಹಿಡಿದೀತು. ಸದ್ಯಕ್ಕೆ ತಡೆಯಾಜ್ಞೆ ಕೇಳಬಹುದು. ಆದರೆ ಮೊದಲ ಪ್ರಶ್ನೆ ಇದು: ತೆರೆಯದ ಬೀಗವಿಲ್ಲ ಅಂತ ಬರೆದಿದಾರಲ್ಲ, ಅದು ಸುಳ್ಳಾ?"

ಅಣ್ಣ ಕುರ್ಚಿಯಲ್ಲಿ ನೆಟ್ಟಗಾದ. "ಸುಳ್ಳಲ್ಲಮ್ಮ."

"ಅಯ್ಯೋ, ಹಾಗನ್ನಬೇಡಿ! ನಿಜ ಆದ್ರೆ ಮಾನಹಾನಿ ಅಂತ ಸಾಧಿಸೋದು ಬಹಳ ಕಷ್ಟ. ಎಷ್ಟೋ ಬೀಗ ನನ್ನ ಕೈಲಾಗಲ್ಲ ಅಂತ ಪ್ರಮಾಣಪತ್ರ ಮಾಡೋಣ. ವಾದಕ್ಕೆ ಒಂದು ಹಿಡಿ ಸಿಗತ್ತೆ."

"ಯಾವ ಬೀಗ ಆಗಲ್ಲ ಅಂತ ನ್ಯಾಯಾಧೀಶರು ಕೇಳಿದ್ರೆ?"

"ಯಾವುದೋ ಒಂದು ಹೇಳಿ."

ಅವನು ಪ್ರಾಮಾಣಿಕವಾಗಿ ಯೋಚಿಸಿದ. ಬೆರಳುಗಳು ಮೇಜಿನ ಅಂಚಿನಲ್ಲಿ ಸಣ್ಣಗೆ ತಿರುಗುತ್ತಿದ್ದವು, ಒಂದೊಂದೇ ಬೀಗವನ್ನು ಮನಸ್ಸಿನಲ್ಲಿ ತೆರೆದು ಬದಿಗಿಟ್ಟಂತೆ. "ಇಲ್ಲಮ್ಮ," ಎಂದ, "ಯಾವುದೂ ನೆನಪಾಗ್ತಿಲ್ಲ."

"ಅಣ್ಣ, ಸಹಿ ಹಾಕು," ಎಂದೆ.

"ನನ್ನ ಕೈಲಾಗಲ್ಲ ಅಂತ ಕೋರ್ಟಲ್ಲೇ ಬರೆದುಕೊಟ್ರೆ, ಆಮೇಲೆ ನನ್ನ ಯಾರು ಕರೀತಾರೆ ಪುಟ್ಟಿ?"

"ಈಗ ಯಾರು ಕರೀತಿದಾರೆ?"

ಅವನು ಪ್ರಮಾಣಪತ್ರದ ಕಾಗದವನ್ನು ಹಿಂದಕ್ಕೆ ಸರಿಸಿದ. ಸಹಿ ಹಾಕಲಿಲ್ಲ. ವಕೀಲೆ ಪೆನ್ನಿನ ಮುಚ್ಚಳ ಹಾಕಿದರು.

ಮನೆಯಲ್ಲಿ ವಿಷಯ ಕೇಳಿ ಅತ್ತಿಗೆ, "ಊರಿನ ಬೀಗ ಎಲ್ಲಾ ತೆರೀತಾರೆ. ಇವರ ಬಾಯಿಗೊಂದು ಬೀಗ ಹಾಕೋಕೆ ಮಾತ್ರ ಯಾರಿಂದಲೂ ಆಗಲಿಲ್ಲ," ಎಂದು ಚಹಾ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟರು.

ಚಹಾ ಕುಡಿಯುತ್ತಿದ್ದಾಗ ಕೆಳಗಿನ ಮನೆಯಿಂದ ಮಾತು ಕೇಳಿಸಿತು. ಮೇಷ್ಟ್ರ ಮನೆಯ ಬಾಗಿಲು ಗಾಳಿಗೆ ಹಾಕಿಕೊಂಡಿತ್ತು, ಕೀಲಿ ಒಳಗೆ.

"ಮೇಲೆ ಬೀಗದ ಮಾವ ಇದಾರಲ್ಲ ಸಾರ್?" ಎಂದಿತು ಪಕ್ಕದ ಮನೆಯ ದನಿ.

"ಬೇಡಪ್ಪ," ಎಂದರು ಮೇಷ್ಟ್ರು, ತಗ್ಗಿದ ದನಿಯಲ್ಲಿ. "ಅವರ ಮೇಲೆ ನನಗೇನೂ ಅನುಮಾನ ಇಲ್ಲ. ಆದ್ರೂ ಯಾಕೆ? ಬಡಗಿ ಬರ್ತಿದಾನೆ."

ಬಡಗಿ ಬಂದ. ಸುತ್ತಿಗೆಯ ಪೆಟ್ಟು ನೆಲದ ಮೂಲಕ ನಮ್ಮ ಕಾಲಿಗೇ ತಾಗುತ್ತಿತ್ತು. ಅಣ್ಣ ಲೋಟ ಹಿಡಿದು ಆಲಿಸುತ್ತಿದ್ದ.

"ಚಿಲಕದ ಹತ್ತಿರ ಹೊಡೀತಿದಾನೆ," ಎಂದ. "ಬಾಗಿಲು ಸೀಳತ್ತೆ."

ಸೀಳಿತು. ಅವನು ಉಳಿದ ಚಹಾ ಕುಡಿದು ಮುಗಿಸಿ, ಬೆಳಿಗ್ಗೆ ಅಂಗಡಿಗೆ ಬರುವಾಗ ಗಟ್ಟಿಯಾದ ಎರಡು ರಟ್ಟಿನ ಪೆಟ್ಟಿಗೆ ತರಲು ನನಗೆ ಹೇಳಿದ. ಕೀಲಿಗಳು ಸಣ್ಣವಾದರೂ ಸೇರಿದರೆ ಬಹಳ ಭಾರವಂತೆ.

ಇಂದಿನ ಖರ್ಚು: ಬಸ್ಸಿಗೆ ಎಂಬತ್ತು. ವಕೀಲೆಗೆ ಐನೂರು, ಬಳಸದೆ ಉಳಿದ ಪ್ರಮಾಣಪತ್ರದ ಕಾಗದಕ್ಕೆ ನೂರು. ರಾತ್ರಿ ಅಣ್ಣನ ಮನೆಯಿಂದ ಮರಳಿ ಬರುವಾಗ ರಟ್ಟಿನ ಪೆಟ್ಟಿಗೆ ಎರಡಕ್ಕೆ ಅರವತ್ತು.