ಜುಲೈ ತಿಂಗಳಿನ ನದಿ

ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ನದಿ ಹುಟ್ಟುತ್ತಿತ್ತು ಎಂದರೆ ನೀವು ನಗಬಹುದು, ನಗಿ, ಅಡ್ಡಿಯಿಲ್ಲ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ಮೂರನೇ ಮಹಡಿಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ಮರೆಯಲ್ಲಿ, ಎಸಿಯ ಪೈಪಿನ ತುದಿಯಿಂದ ಹನಿಹನಿಯಾಗಿ ಇಳಿದು ಹಳದಿ ಬಕೆಟ್ಟನ್ನು ಸೇರುತ್ತಿದ್ದ ಆ ಜಲಧಾರೆಗೆ ಹೆಸರಿರಲಿಲ್ಲ, ಸ್ಥಳಪುರಾಣವಿರಲಿಲ್ಲ, ಮಿಂದರೆ ಪುಣ್ಯ ಬರುವ ಭರವಸೆಯೂ ಇರಲಿಲ್ಲ. ಆದರೆ ಅದರ ಉಗಮ ಮಾತ್ರ ಅಪ್ಪಟ ಹಿಮದಲ್ಲೇ. ಫಿಲ್ಟರ್ ತೊಳೆಯುವ ಕೆಲಸವನ್ನು ನಾನು ನಾಳೆ ನಾಳೆ ಎಂದು ತಳ್ಳುತ್ತ ಬಂದಾಗಲೆಲ್ಲ ಎಸಿಯ ಹೊಟ್ಟೆಯೊಳಗೆ ಮಂಜುಗಡ್ಡೆ ಕಟ್ಟುತ್ತಿತ್ತು; ಸ್ವಿಚ್ ಆರಿಸಿದರೆ ಅದು ಕರಗಿ ಬಕೆಟ್ ತುಂಬಿ ಬಾಲ್ಕನಿಯೆಲ್ಲ ಪ್ರವಾಹ. ನಾನು ಕುರ್ಚಿ ಹಾಕಿಕೊಂಡು ಆ ಹನಿಗಳನ್ನು ಧ್ಯಾನಿಸುತ್ತಿದ್ದರೆ ನನ್ನ ಹೆಂಡತಿ ಶಶಿ ಒಳಗಿನಿಂದ, "ನೋಡಿದ್ದು ಸಾಕು ಮಾರಾಯ್ರೆ, ಬಕೆಟ್ ಚೆಲ್ಲಿ ಬನ್ನಿ" ಎನ್ನುತ್ತಿದ್ದಳು.

ಈ ಧ್ಯಾನಕ್ಕೆ ಒಂದು ಶಾಸ್ತ್ರೀಯ ನೆಲೆಗಟ್ಟು ಒದಗಿದ್ದು ಮಗಳು ದಿಶಾಳ ಶಾಲೆಯಿಂದ. ಆರನೇ ಕ್ಲಾಸಿನ ಮಕ್ಕಳು ಪ್ರಪಂಚದ ಒಂದೊಂದು ನದಿಯ ಮಾದರಿ ಮಾಡಿ ತರಬೇಕಿತ್ತು. ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು ಆಲ್ಪ್ಸ್ ಪರ್ವತದ ರೋನ್. ಇಂಥ ಪ್ರಾಜೆಕ್ಟುಗಳು ಮಕ್ಕಳ ಹೆಸರಿನಲ್ಲಿ ಅಪ್ಪಂದಿರಿಗೆ ಕೊಡುವ ಮನೆಗೆಲಸವೆಂಬುದು ನಿಮಗೂ ಗೊತ್ತಿರಬಹುದು. ನಾನಂತೂ ದೇಹವನ್ನು ಆಫೀಸಿನಲ್ಲಿ ಕೂರಿಸಿ ಮನಸ್ಸನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿಬಿಟ್ಟೆ. ಪೈಪು, ವಾಲ್ವು ಖರೀದಿಸುವುದೇ ಕಸುಬಾದವನಿಗೆ ನೀರೆಂದರೆ ಇಷ್ಟು ಇಂಚಿನ ವ್ಯಾಸದೊಳಗೆ ತೆಪ್ಪಗೆ ಹೋಗುವ ವಸ್ತು. ಹೀಗೆ ಬಯಲಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಹರಿಯುವ ನೀರಿನ ಕಥೆ ನನ್ನನ್ನು ಮೆಲ್ಲನೆ ತೇಲಿಸಿಕೊಂಡು ಹೋಯಿತು.

ಫುರ್ಕಾ ಎಂಬ ಎತ್ತರದ ಘಾಟಿಯ ಕೆಳಗೆ, ಒಂದು ಹಿಮರಾಶಿಯ ಅಂಚಿನಿಂದ ರೋನ್ ಹೊರಡುತ್ತದೆ. ಹಿಂದೆ ಆ ಹಿಮ ಕಣಿವೆಯ ತಳದವರೆಗೂ ನಾಲಿಗೆ ಚಾಚಿತ್ತಂತೆ. ಈಗ ಹಿಂದೆ ಸರಿದು ಸರಿದು ಮೇಲೆ ಸೇರಿಕೊಂಡಿದೆ. ಬೇಸಿಗೆಯಲ್ಲಿ ಅದರ ಒಂದು ಮೂಲೆಗೆ ಬಿಳಿಯ ಬಟ್ಟೆ ಹೊದಿಸಿ ಕರಗದಂತೆ ಕಾಯುತ್ತಾರೆಂದು ಓದಿದಾಗ, ಜ್ವರ ಬಂದ ಅಜ್ಜನಿಗೆ ಕಂಬಳಿ ಹೊದಿಸುವವರ ನೆನಪಾಯಿತು. ಅಲ್ಲಿಂದ ಇಳಿದ ನದಿ ಎರಡು ಪರ್ವತಶ್ರೇಣಿಗಳ ನಡುವೆ ಪಶ್ಚಿಮಾಭಿಮುಖವಾಗಿ ಸಾಗುತ್ತದೆ. ಮೋಡಗಳೆಲ್ಲ ಬೆಟ್ಟಗಳ ಆಚೆ ಬದಿಗೇ ಸುರಿದು ಮುಗಿಸುವುದರಿಂದ ಕಣಿವೆಗೆ ಮಳೆ ಕಡಿಮೆ. ಹಾಗಾಗಿ ಅಲ್ಲಿಯ ರೈತರು ಶತಮಾನಗಳ ಹಿಂದೆಯೇ ಕಡಿದಾದ ಬಂಡೆಗಳ ಪಕ್ಕೆಗೆ ಮರದ ಕಾಲುವೆಗಳನ್ನು ತೂಗುಹಾಕಿ, ಹಿಮದ ನೀರನ್ನು ದ್ರಾಕ್ಷಿತೋಟಕ್ಕೆ ತಂದು, ಸರದಿಯ ಪ್ರಕಾರ ಹಂಚಿಕೊಂಡರು. ದುಬೈಯ ಹೊರಗಿನ ಹತ್ತಾ ಬೆಟ್ಟಗಳಿಗೆ ಪಿಕ್‌ನಿಕ್ ಹೋದಾಗ ನಾವು ಕಂಡ ಫಲಜ್ ಎಂಬ ಹಳೆಯ ನೀರ್ಗಾಲುವೆಯೂ ಇದರ ದೂರದ ದಾಯಾದಿಯೇ. ಬಾಯಾರಿದವರೆಲ್ಲ ಒಂದೇ ತೆರನಾಗಿ ಯೋಚಿಸುತ್ತಾರೇನೋ.

ಈ ಕಣಿವೆಯನ್ನು ರೋಮನ್ ಸೈನಿಕರು ತುಳಿದಿದ್ದಾರೆ, ವ್ಯಾಪಾರಿಗಳು ಹೇಸರಗತ್ತೆಗಳೊಂದಿಗೆ ದಾಟಿದ್ದಾರೆ. ನದಿ ಮನಬಂದಂತೆ ಹೊರಳಾಡಿ ತಳವನ್ನೆಲ್ಲ ಜೌಗು ಮಾಡಿ, ಜ್ವರ ಹಬ್ಬಿಸಿ, ಊರುಗಳನ್ನು ಮುಳುಗಿಸುತ್ತಿದ್ದಾಗ ಎಂಜಿನಿಯರುಗಳು ಬಂದು ಒಡ್ಡು ಕಟ್ಟಿ ಅದನ್ನು ನೆಟ್ಟಗೆ ನಿಲ್ಲಿಸಿದರು. ಈಗ ಅವರ ಮೊಮ್ಮಕ್ಕಳು, ಇಷ್ಟು ಬಿಗಿ ಹಿಡಿದದ್ದು ತಪ್ಪಾಯಿತೆಂದು ನದಿಗೆ ಜಾಗ ಬಿಟ್ಟುಕೊಡುತ್ತಿದ್ದಾರೆ. ಮಾರ್ಟಿನಿ ಎಂಬ ಊರಿನ ಬಳಿ ರೋನ್, ಏನೋ ಮರೆತು ಬಂದವರಂತೆ ಥಟ್ಟನೆ ಬಲಕ್ಕೆ ತಿರುಗಿ ಜಿನೀವಾ ಸರೋವರದತ್ತ ನಡೆಯುತ್ತದೆ. ಅಲ್ಲಿ ತನ್ನ ಕೆಸರನ್ನೆಲ್ಲ ಇಳಿಸಿ, ಇನ್ನೊಂದು ತುದಿಯಲ್ಲಿ ತಿಳಿಯಾಗಿ ಹೊರಬರುತ್ತದೆ.

ಥರ್ಮಾಕೋಲಿನ ಪರ್ವತಗಳು ಎದ್ದವು. ಸರೋವರದ ಜಾಗದಲ್ಲಿ ಶಶಿಯ ಸ್ಟೀಲ್ ತಟ್ಟೆ ಕೂತಿತು. ನಾನು ಕ್ಯಾಲೆಂಡರಿನ ಚಿತ್ರವನ್ನು ನಂಬಿ ನೀಲಿ ಬಣ್ಣದ ಡಬ್ಬಿ ತೆರೆಯುವಷ್ಟರಲ್ಲಿ ದಿಶಾ ಇಡೀ ನದಿಗೆ ಕರಕ್ ಚಹಾದ ಬಣ್ಣ ಬಳಿದಾಗಿತ್ತು.

"ನದಿ ನೀಲಿ ಅಲ್ವಾ ಮಗಾ?"

"ನೋ ಪಪ್ಪ, ರಿವರ್ಸ್ ಆರ್ ಬ್ರೌನ್. ಅಜ್ಜಿ ಮನೇದು ನಾನು ನೋಡಿದ್ದೇನಲ್ಲ, ಎವ್ರಿ ಇಯರ್!"

"ಅದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಹಾಗಿರುವುದಿಲ್ಲ."

"ನಾವು ಹೋಗೋದು ಸಮ್ಮರ್ ವೆಕೇಶನ್‌ನಲ್ಲೇ ಅಲ್ವಾ?"

ಗಲ್ಫಿನ ಮಕ್ಕಳ ಬೇಸಿಗೆ ರಜೆ ಬರುವುದು ಜುಲೈ, ಆಗಸ್ಟಿನಲ್ಲಿ. ಇಲ್ಲಿ ರಸ್ತೆ ಕಾದು ಕೆಂಡವಾಗಿರುವಾಗ ಉಪ್ಪಿನಂಗಡಿಯ ಅಜ್ಜಿಯ ಮನೆಯ ಕೆಳಗೆ ನೇತ್ರಾವತಿ ದಡ ಮೀರಿ ಕೆಂಪಗೆ ಬೋರ್ಗರೆಯುತ್ತಿರುತ್ತದೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಗೊತ್ತಿದ್ದದ್ದು ಆ ಒಂದೇ ನದಿ, ಅದರ ಆ ಒಂದೇ ತಿಂಗಳು. ಕೊನೆಗೆ ಹುಡುಕಿ ನೋಡಿದರೆ ರೋನ್ ಕೂಡ ಜುಲೈಯಲ್ಲೇ ತುಂಬಿ ಹರಿಯುವುದು, ಬಂಡೆ ಅರೆದ ಹುಡಿ ಬೆರೆತು ಬೂದುಬಣ್ಣಕ್ಕಿರುವುದು. ನೀಲಿಯೂ ಸೋತಿತು, ಚಹಾವೂ ಸೋತಿತು. ಚಿತ್ರ ನೋಡಿದ ಶಶಿ, "ಅಕ್ಕಿ ತೊಳೆದ ನೀರಿನ ಹಾಗೆ ಉಂಟು" ಎಂದು ತೀರ್ಪು ಕೊಟ್ಟಳು. ಆ ಬಣ್ಣವನ್ನೇ ಬಳಿದೆವು.

ಬಣ್ಣ ಒಣಗುವ ಮೊದಲೇ ಕಂಪನಿ ದುಬೈ ಶಾಖೆಯನ್ನು ಮುಚ್ಚಿ ನಮ್ಮನ್ನೆಲ್ಲ ಅಬುಧಾಬಿಯ ಮುಸಫ್ಫಾಕ್ಕೆ ವರ್ಗಾಯಿಸಿತು. ಅಲ್ಲಿ ಕಂಪನಿಯಿಂದ ಸಿಗುವುದು ಇನ್ನೊಬ್ಬರೊಂದಿಗೆ ಹಂಚಿಕೊಳ್ಳುವ ಕೋಣೆ. ಮಾರ್ಚಿನ ಪರೀಕ್ಷೆ ಮುಗಿದ ಮೇಲೆ ಶಶಿ, ದಿಶಾ ಊರಿಗೆ. ನಾನು ಪುನಃ ಬ್ಯಾಚುಲರ್. ಹೆಂಡತಿ ಮಗಳು ಇರುವ, ತಲೆ ಅರ್ಧ ನೆರೆತ ಗಂಡಸನ್ನು ಬ್ಯಾಚುಲರ್ ಎಂದು ಕರೆದು ಯೌವನ ದಯಪಾಲಿಸುವ ದೇಶ ಇದೊಂದೇ ಇರಬೇಕು. ಈ ಹಾಸ್ಯವನ್ನು ನಾನು ಮನೆಯಲ್ಲಿ ಹಲವು ಸಲ ಹೇಳಿದೆ. ಯಾರೂ ನಗಲಿಲ್ಲ.

ವಿಮಾನ ನಿಲ್ದಾಣದಿಂದ ಒಬ್ಬನೇ ಮರಳುವಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿದ್ದವನಿಗೆ ಆ ಚಹಾ ಬಣ್ಣದ ನದಿ ನೆನಪಾಯಿತು. ವರ್ಷದ ರಜೆ ಎಂದರೆ ನಮ್ಮಲ್ಲಿ ಜುಲೈಯೇ; ಇನ್ನು ಮುಂದೆ ನನ್ನ ಮಗಳು ನನ್ನನ್ನೂ ಜುಲೈಯಲ್ಲಿ ಮಾತ್ರ ನೋಡುತ್ತಾಳೆ. ರಜೆಗೆ ಬಂದ ಗಲ್ಫಿನವನನ್ನು ನೀವು ನೋಡಿರಬಹುದು: ಹಗ್ಗ ಬಿಗಿದ ಪೆಟ್ಟಿಗೆ, ಚಾಕಲೇಟು, ಸೆಂಟು, ದಿನಕ್ಕೆರಡು ನೆಂಟರ ಮನೆ, ಜೋರು ನಗು. ಎಲ್ಲವೂ ದಡ ಮೀರಿಯೇ. ಸುಮ್ಮನೆ ಕೂತಿರುವ ಅಪ್ಪ, ಹಲ್ಲುನೋವಿನ ಅಪ್ಪ, ಬಕೆಟ್ಟಿನೆದುರು ಕನಸು ಕಾಣುವ ಅಪ್ಪ ಅವಳಿಗೆ ಮರೆತೇ ಹೋಗುತ್ತಾನೆ. ಆ ಯೋಚನೆ ಬಂದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ದಿಶಾಳ ಫೋನು ಬಂತು. ಏದುಸಿರು ಬಿಡುತ್ತಿದ್ದಳು.

"ಪಪ್ಪ, ನದಿ ಕೆಂಪಲ್ಲ! ತಳ ಕಾಣ್ತದೆ, ಕಲ್ಲು, ಮೀನು, ಎವ್ರಿಥಿಂಗ್. ನಾನು ನಡು ತನಕ ನಡ್ಕೊಂಡು ಹೋದೆ."

"ನಾನು ಹೇಳಿರಲಿಲ್ವಾ?" ಎಂದೆ, ಅಪ್ಪಂದಿರ ಹಳೆಯ ಗತ್ತಿನಲ್ಲಿ.

"ನೀವು ಜುಲೈಯಲ್ಲಿ ಬರ್ಬೇಡಿ ಪಪ್ಪ. ಆಗ ಏನೂ ಕಾಣುದಿಲ್ಲ."

ಮರುದಿನ ಮ್ಯಾನೇಜರರ ಬಳಿ ಹೋಗಿ ನನ್ನ ವರ್ಷದ ರಜೆ ಮೇ ತಿಂಗಳಿಗೆ ಬೇಕೆಂದೆ, ಮಳೆ ಹಿಡಿಯುವ ಮೊದಲು. ಎಲ್ಲರೂ ಜುಲೈಗೆ ಮುಗಿಬೀಳುವಲ್ಲಿ ಇವನಿಗೇನಾಯಿತೆಂದು ಅವರು ಕನ್ನಡಕ ಸರಿಸಿ ನೋಡಿದರು. "ಮಾವಿನಹಣ್ಣಿಗಾ?" ಎಂದು ಕೇಳಿದರು. ನದಿ ನೋಡಲಿಕ್ಕೆ ಎಂದೆ. ಜುಲೈಯಲ್ಲಿ ಮತ್ತೆ ಕೇಳಬಾರದು, ಖಲಾಸ್, ಎಂದು ಒಪ್ಪಿದರು.

ಮುಸಫ್ಫಾದ ಕೋಣೆಯ ಎಸಿಗೂ ಒಂದು ಪೈಪಿದೆ. ಅದರ ಕೆಳಗೆ ನಮ್ಮ ಹಳದಿ ಬಕೆಟ್ಟೇ ಇದೆ. ಅಂದು ಸಂಜೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನೀರು ತಿಳಿಯಾಗಿತ್ತು, ತಳದಲ್ಲಿ ದಿಶಾಳ ಬಟ್ಟೆಗೆ ಹಾಕುತ್ತಿದ್ದ ಕ್ಲಿಪ್ಪೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಬಟ್ಟೆಗಳ ಜೊತೆ ಇಲ್ಲಿಗೂ ಬಂದು ಎಂದು ಬಿದ್ದಿತ್ತೋ, ನಾನು ನೋಡಿಯೇ ಇರಲಿಲ್ಲ. ತೆಗೆದು ಒರೆಸಿ ಕಿಸೆಯಲ್ಲಿಟ್ಟುಕೊಂಡೆ. ಈ ಸಲ ಊರಿಗೆ ಒಯ್ಯುವುದು ಇಷ್ಟೇ, ಪೆಟ್ಟಿಗೆ ಕಟ್ಟುವುದಿಲ್ಲ. ಆಮೇಲೆ, ಯಾರೂ ಹೇಳದಿದ್ದರೂ, ಎದ್ದು ಹೋಗಿ ಬಕೆಟ್ ಚೆಲ್ಲಿ ಬಂದೆ.