ಅಕ್ಕನ ಅಟ್ಟದ ಐದು ಗಡಿಗೆ

ಕಳೆದ ಮಂಗಳವಾರ ಅಕ್ಕನ ಮನೆಗೆ ಹೋಗಿದ್ದೆ. ಬರಿಗೈಯಲ್ಲಿ ಹೋಗಲಿಲ್ಲ. ಧಾನ್ಯ ವಸೂಲಿಯ ಇನ್ಸ್‌ಪೆಕ್ಟರನ್ನು ಕರೆದುಕೊಂಡು ಹೋಗಿದ್ದೆ! (ಸರಿಯಾಗಿ ಹೇಳಬೇಕೆಂದರೆ ಅವರೇ ನನ್ನನ್ನು ಕರೆದುಕೊಂಡು ಹೋದರು. ಅಕ್ಕನ ಮಟ್ಟಿಗೆ ಎರಡೂ ಒಂದೇ.)

ಮೂರು ವಾರದ ಹಿಂದೆ ಪತ್ರಿಕೆಯ ಇದೇ ಜಾಗದಲ್ಲಿ ನಾನು ಗುಡುಗಿದ್ದು ನಿಮಗೆ ನೆನಪಿರಬೇಕು. ಆದೋನಿಯ ರೇಷನ್ ಅಂಗಡಿ ಮುಂದೆ ಎರಡು ಗಂಟೆ ಬಿಸಿಲಲ್ಲಿ ನಿಂತು, ಮುಗ್ಗಿದ ಗೋಧಿ ತಂದ ದಿನ ಬರೆದದ್ದು. ತಲೆ ಕೆಟ್ಟುಹೋಗಿತ್ತು. ಮಹಾಯುದ್ಧಕ್ಕೆ ಮೊದಲು ನಮ್ಮ ಕಡೆಯ ರೈತ ಬೀಜಕ್ಕೆಂದು ಎತ್ತಿಡುತ್ತಿದ್ದ ಗೋಧಿ ಎಷ್ಟು, ಈಗ ಎಷ್ಟು? ಮದ್ದಿಕೇರದಿಂದ ಮಾಧವರಂವರೆಗೆ ಯಾರನ್ನಾದರೂ ಕೇಳಿ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಬಿತ್ತುವ ಹೊಲ ಮಾತ್ರ ಇದ್ದಷ್ಟೇ ಇದೆ. ರೇಷನ್ನಿಗೆಂದು ರೈತರ ಕಾಳು ವಸೂಲಿ ಮಾಡುವ ಸರಕಾರ ಬೀಜದ ಕಾಳನ್ನು ಮುಟ್ಟುವುದಿಲ್ಲ ನೋಡಿ, ಹಾಗಾಗಿ ತಿನ್ನುವ ಕಾಳೆಲ್ಲ ಬೀಜವಾಗಿಬಿಟ್ಟಿದೆ. ಎರಡೆಕರೆಯವರ ಮನೆಯಲ್ಲೂ ಐದೈದು ಗಡಿಗೆ, ನಾನೇ ಕಣ್ಣಾರೆ ಕಂಡಿದ್ದೇನೆ! ಹೀಗೆಲ್ಲ ಬರೆದಿದ್ದೆ.

ಕಂಡದ್ದು ಸುಳ್ಳಲ್ಲ. ಎಲ್ಲಿ ಕಂಡೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಪೆದ್ದಹರಿವಾಣಂನಲ್ಲಿ, ನನ್ನ ಸ್ವಂತ ಅಕ್ಕ ಸಿದ್ದಮ್ಮನ ಅಟ್ಟದ ಮೇಲೆ.

ಅಕ್ಕ ಒಂಟಿ ಹೆಂಗಸು. ಭಾವ ತೀರಿಹೋಗಿ ಎಂಟು ವರ್ಷವಾಯಿತು. ಮಕ್ಕಳಿಲ್ಲ. ಎರಡೆಕರೆ ಎರೆ ಹೊಲವನ್ನು ಆಳು ಹಿಡಿದು ತಾನೇ ಮಾಡಿಸುತ್ತಾಳೆ. ಒಬ್ಬಳಿಗೆ ಐದು ಗಡಿಗೆ ಬೀಜವೇಕೆ ಎಂದು ಕಂಡ ದಿನವೇ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಬರೆಯುವವರು ಕೇಳುವುದುಂಟೇ?

ಸೋಮವಾರ ಇನ್ಸ್‌ಪೆಕ್ಟರು ನಾನು ಗುಮಾಸ್ತನಾಗಿರುವ ಹತ್ತಿ ಅಂಗಡಿಗೆ ಬಂದರು. ಕರಾವಳಿ ಕಡೆಯ ತೆಲುಗಿನವರು, ಮರ್ಯಾದಸ್ಥರು. ‘ಫಸ್ಟ್ ಕ್ಲಾಸ್ ಬರೆದಿದ್ದೀರಿ ಸಾರ್! ನಾಳೆ ಹಳ್ಳಿಗಳಿಗೆ ಹೋಗ್ತಿದ್ದೀನಿ, ನೀವೂ ಬನ್ನಿ’ ಎಂದರು. ಉಬ್ಬಿಹೋದೆ. ಮಾರನೆಯ ದಿನ ಜಟಕಾ ಪೆದ್ದಹರಿವಾಣಂ ರಸ್ತೆಗೆ ತಿರುಗಿತು. ಏನಾದರೂ ನೆಪ ಹೇಳಿ ಇಳಿದುಬಿಡಬಹುದಿತ್ತು. ಅಕ್ಕನ ಬೀದಿಗೆ ಇವರು ಬರಲಾರರು ಎಂದುಕೊಂಡು ಸುಮ್ಮನೆ ಕುಳಿತೆ.

ನಾಲ್ಕನೆಯ ಮನೆಯೇ ಅಕ್ಕನದು.

‘ಅಯ್ಯ, ನಮ್ಮ ತಮ್ಮನೂ ಬಂದಾನ! ಬರ್ರಿ, ಕುಂದರ್ರಿ’ ಎಂದು ಚಾಪೆ ಹಾಸಿ ನೀರು ತಂದಳು. ತಮ್ಮ ಜೊತೆಗಿದ್ದಾನೆ, ಇನ್ನೇನು ಭಯ ಎಂದು ಅವಳ ಮುಖವೇ ಹೇಳುತ್ತಿತ್ತು. ನಾನು ಚೊಂಬಿನೊಳಗೆ ನೋಡುತ್ತ ಕುಳಿತೆ.

ಇನ್ಸ್‌ಪೆಕ್ಟರ ಜೊತೆ ಬಂದಿದ್ದ ಜವಾನ ಏಣಿ ಹತ್ತಿ ಗಡಿಗೆಗಳನ್ನು ಒಂದೊಂದಾಗಿ ಇಳಿಸಿದ. ಐದೂ ಗಡಿಗೆಗಳ ಬಾಯಿಗೆ ಸಗಣಿ, ಕೆಮ್ಮಣ್ಣು ಮೆತ್ತಿತ್ತು. ಮೆತ್ತಿದ್ದರ ಮೇಲೆ ಒಂದೊಂದು ಅಂಗೈ ಗುರುತು.

‘ಏಮಮ್ಮಾ, ಎರಡೆಕರೆಗೆ ಇಷ್ಟು ಬೀಜವಾ? ಒಂದು ಇಟ್ಕೊಳ್ಳಿ. ನಾಲ್ಕು ಗಾಡಿಗೆ ಹಾಕ್ತೀವಿ.’

‘ಒಂದೇ ರೀ ನಂದು. ನಾಕು ಮಂದೀವು’ ಎಂದಳು ಅಕ್ಕ.

‘ಮಂದಿಯದು ನಿಮ್ಮ ಮನೆಯಲ್ಲಿ ಯಾಕೆ?’

ಅಕ್ಕ ಸೆರಗು ಸರಿಮಾಡಿಕೊಂಡಳು. ಹೇಳಲು ಮನಸ್ಸಿಲ್ಲ ಅವಳಿಗೆ. ಜವಾನ ಮೊದಲ ಗಡಿಗೆಗೆ ಕೈ ಹಾಕಿದ ಮೇಲೆ ಬಾಯಿ ಬಿಟ್ಟಳು.

‘ಮಕ್ಕಳಿದ್ದ ಮನ್ಯಾಗ ಬೀಜ ಉಳಿಯಂಗಿಲ್ಲ ರೀ. ಬ್ಯಾಸಿಗ್ಯಾಗ ಕಾಳು ತೀರಿ, ಕೂಸು ಹಸದು ಅತ್ತರ ತಾಯಿ ಕೈ ಬೀಜದ ಗಡಿಗಿಗೇ ಹೋಗತೈತಿ. ನನ್ನ ಮನ್ಯಾಗ ಅಳೋ ಕೂಸಿಲ್ಲ. ಅದಕ್ಕ ಇಲ್ಲಿ ತಂದಿಡ್ತಾರ.’

ಸ್ವಾಮೀ, ನನ್ನ ಒಡಹುಟ್ಟಿದವಳು ಈ ಮಾತನ್ನು ಪರವೂರಿನ ಗಂಡಸರ ಮುಂದೆ ಹೇಳಬೇಕಾಗಿ ಬಂತು. ಹೇಳಿಸಿದ್ದು ನನ್ನ ಲೇಖನಿ. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

‘ಅದು ಸರಿ ಅಮ್ಮಾ, ವರ್ಷಾ ವರ್ಷಾ ಬೀಜ ಯಾಕೆ ಹೆಚ್ಚಾಗ್ತಿದೆ?’

‘ಮೊದಲೆಲ್ಲ ಬಿತ್ತಿದ್ದು ಕೆಟ್ಟರ ಆದೋನಿ ಸಂತ್ಯಾಗ ಬೀಜ ಸಿಗತಿತ್ತು. ಈಗ ಪರ್ಮಿಟ್ ಇಲ್ದ ಒಂದು ಕಾಳು ಕೊಡ್ತಾರೇನ್ರಿ? ಅದಕ್ಕ ಎರಡು ಸರ್ತಿ ಬಿತ್ತಾಕ ಆಗೋವಷ್ಟು ಇಡ್ತೀವಿ.’

ಇಷ್ಟೇ ಸಂಗತಿ. ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತು ನಾನು ಕಂಡುಹಿಡಿದ ಮಹಾ ಮೋಸ ಇದು!

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ‘ಯಾರದೋ ಅವರನ್ನ ಕರೆಸಿ’ ಎಂದರು. ಮೂವರು ಹೆಂಗಸರು ಓಡಿ ಬಂದರು. ಒಬ್ಬಳ ಕಂಕುಳಲ್ಲಿ ಕೂಸು, ಇನ್ನೊಬ್ಬಳ ಕೈಯಲ್ಲಿ ರೊಟ್ಟಿ ಹಿಟ್ಟು ಹಾಗೇ ಅಂಟಿತ್ತು. ‘ನಂದು ಇದು ಸಾರ್’ ಎಂದು ತಮ್ಮ ತಮ್ಮ ಗಡಿಗೆಯ ಗುರುತಿನ ಮೇಲೆ ಅಂಗೈ ಇಟ್ಟರು. ಮೂವರ ಅಂಗೈಯೂ ಗುರುತಿಗೆ ಸರಿಯಾಗಿ ಕೂತವು. ಮೂರು ಗಡಿಗೆ ಉಳಿದವು. ಅಕ್ಕನದು ಸೇರಿ ನಾಲ್ಕು.

ಐದನೆಯದು?

‘ಕುರುಬರ ಮಾಳಮ್ಮಂದು ರೀ. ಕುರಿ ಹೊಡಕೊಂಡು ಮಾಧವರಂ ಹೊಳಿ ಕಡಿ ಹೋಗ್ಯಾಳ. ಬಿತ್ತಿಗಿ ಹೊತ್ತಿಗೆ ಬರತಾಳ.’

‘ಕೈ ಇಲ್ಲದೆ ನಾನು ಹೇಗೆ ನಂಬಲಿ ಅಮ್ಮಾ? ಮೇಲೆ ಜವಾಬು ಹೇಳಬೇಕು.’

ನಾನು ಎದ್ದು ನಿಂತೆ. ‘ಇವರು ನನ್ನ ಅಕ್ಕ. ಸುಳ್ಳು ಹೇಳುವವರಲ್ಲ. ನಾನು ಸಾಕ್ಷಿ’ ಎಂದೆ.

ಇನ್ಸ್‌ಪೆಕ್ಟರು ನನ್ನನ್ನೂ ಅಕ್ಕನನ್ನೂ ಒಮ್ಮೆ ನೋಡಿ, ಜೇಬಿನಿಂದ ನನ್ನ ಬರಹವಿದ್ದ ಪೇಪರಿನ ತುಂಡು ತೆಗೆದು ಬಿಡಿಸಿ ಓದಿದರು. ‘ಎರಡೆಕರೆಯವರ ಮನೆಯಲ್ಲೂ ಐದೈದು ಗಡಿಗೆ, ನಾನೇ ಕಣ್ಣಾರೆ ಕಂಡಿದ್ದೇನೆ. ಇದನ್ನ ಬರೆದದ್ದೂ ನೀವೇ ಅಲ್ವಾ ಸಾರ್? ಯಾವ ಸಾಕ್ಷಿ ತಗೊಳ್ಳಲಿ?’

ಅಕ್ಕ ಆ ತುಂಡು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಓದು ಬರುವುದಿಲ್ಲ. ತಿಳಿಯುವುದಕ್ಕೆ ಓದು ಬೇಕಿರಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತನ್ನ ಗಡಿಗೆಯನ್ನು ಮುಂದಕ್ಕೆ ಎಳೆದು, ಬಾಯಿಗೆ ಮೆತ್ತಿದ್ದರ ಮೇಲಿನ ತನ್ನ ಅಂಗೈ ಗುರುತನ್ನು ತಾನೇ ಕುಟ್ಟಿ ಒಡೆದಳು. ಒಳಗೆ ಬೂದಿ, ಒಣಗಿದ ಬೇವಿನ ಎಲೆ, ನಡುವೆ ಕೆಂಪು ಗೋಧಿ. ‘ಒಂದೇ ಅಲ್ಲೇನ್ರಿ ಬೇಕಾದ್ದು? ಇದನ್ನ ಒಯ್ರಿ. ಮಾಳಮ್ಮಂದು ಮುಟ್ಟಬ್ಯಾಡ್ರಿ. ನಂಬಿ ಇಟ್ಟಾಳ.’

ಇನ್ಸ್‌ಪೆಕ್ಟರಿಗೆ ಗಡಿಗೆ ಬೇಕಿತ್ತು, ಗಡಿಗೆ ಸಿಕ್ಕಿತು. ಕಾಳನ್ನು ಚೀಲಕ್ಕೆ ಸುರಿದುಕೊಂಡು ಹೊರಟರು. ಈ ಹಿಂಗಾರಿಗೆ ಅಕ್ಕನ ಹೊಲಕ್ಕೆ ಬೀಜವಿಲ್ಲ. ಹೊರಡುವಾಗ ‘ಉಂಡು ಹೋಗೋ’ ಎಂದಳು ನನಗೆ. ಯಾವ ಮುಖ ಇಟ್ಟುಕೊಂಡು ಉಣ್ಣಲಿ? ಹೋಗಿ ಜಟಕಾ ಹತ್ತಿದೆ.

ನಿನ್ನೆ ರೇಷನ್ ಬಂತು. ಈ ಸಲ ಮುಗ್ಗಿಲ್ಲ, ಕೆಂಪು ಗೋಧಿ, ಗಟ್ಟಿ ಕಾಳು. ಇವತ್ತು ನನ್ನಾಕೆ ಮೊರಕ್ಕೆ ಸುರಿದು ಕೇರುತ್ತಿದ್ದಳು.

‘ಏನ್ರೀ ಇದು, ಗೋಧ್ಯಾಗ ಬರೇ ಬೂದಿ, ಬೇವಿನ ಎಲಿ ಅದಾವ? ಬೀಸಲೋ ಬ್ಯಾಡೋ?’

ಓದುಗರೇ, ಅವಳು ಇನ್ನೂ ಮೊರ ಹಿಡಿದುಕೊಂಡೇ ನಿಂತಿದ್ದಾಳೆ. ನಾನು ಏನು ಹೇಳಲಿ?