ಚಿಕ್ಕಮ್ಮ ಬಿಟ್ಟ ಕತ್ತರಿ

ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ರೀತಿಯೇ ಬೇರೆ. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರವಿ, ಅಂಗೈಯಿಂದ ಸುಕ್ಕು ತೆಗೆದು, ಸೀಮೆಸುಣ್ಣದಿಂದ ಗೆರೆ ಎಳೆಯುವವಳು ಚಿಕ್ಕಮ್ಮ. ತೋಳಿನ ತಿರುವು, ಕತ್ತಿನ ಬಾಗು ಎಲ್ಲ ಅವಳ ಕಣ್ಣಳತೆಯಲ್ಲೇ ಬೀಳುತ್ತಿತ್ತು. ಗೆರೆ ಮುಗಿದ ತಕ್ಷಣ ಸುಣ್ಣ ಕೆಳಗಿಟ್ಟು, ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಆಗ ಚಿಕ್ಕಪ್ಪ ಬಂದು, ಗೋಡೆಯ ಮೊಳೆಯಿಂದ ಕತ್ತರಿ ತೆಗೆದು ಆ ಗೆರೆಯ ಮೇಲೆ ನಡೆಸುತ್ತಿದ್ದ. ಬೀದಿಯವರಿಗೆಲ್ಲ ಅವನು ಮಾಸ್ಟರ್.

“ಏನಮ್ಮಾ, ಗೆರೆ ನಿಮ್ದು, ಹೆಸರು ಅವರ್ದಾ?” ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು.

“ನಿಮಗೆ ಕೋಟು ಬೇಕೋ, ಹೆಸರು ಬೇಕೋ?” ಎಂದು ಚಿಕ್ಕಮ್ಮ ನಗುತ್ತಿದ್ದಳು.

ಅವಳು ಕತ್ತರಿ ಮುಟ್ಟುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಹುಡುಗಿಯಾಗಿದ್ದಾಗ ಅವಳ ಕೈಯಲ್ಲಿ ಕತ್ತರಿ ನೀರಿನಲ್ಲಿ ಮೀನು ಹೋದ ಹಾಗೆ ಹೋಗುತ್ತಿತ್ತಂತೆ. ಆ ಕೈ ನೋಡಿಯೇ ಚಿಕ್ಕಪ್ಪನ ಮನೆಯವರು ಹೆಣ್ಣು ಕೇಳಿಕೊಂಡು ಬಂದದ್ದು. ಆಮೇಲೆ ಮಗಳು ಹುಟ್ಟಿದಳು. ಮೇಲ್ದುಟಿ ಒಂದು ಹೊಳ್ಳೆಯವರೆಗೆ ಸೀಳಿತ್ತು, ಬಾಯೊಳಗಿನ ಅಂಗುಳವೂ ತೆರೆದಿತ್ತು. ಕುಡಿಸಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಚಿಕ್ಕಮ್ಮನ ಅತ್ತೆ ಆಸ್ಪತ್ರೆಯ ಮಂಚದ ಪಕ್ಕ ನಿಂತು, ಮಗುವನ್ನು ಎತ್ತಿಕೊಳ್ಳದೆಯೇ ಹೇಳಿದರು: “ಐದು ತಿಂಗಳ ಹೊಟ್ಟೆ ಇಟ್ಕೊಂಡು ಸಾಲುಸಾಲು ಕೋಟು ಕತ್ತರಿಸಿದ್ಯಲ್ಲ. ನೋಡೀಗ, ಮಗೂ ತುಟಿನೇ ಕತ್ತರಿಸಿಟ್ಟಿದ್ದೀಯ.”

ಚಿಕ್ಕಪ್ಪ ಕಿಟಕಿಯ ಹತ್ತಿರ ನಿಂತಿದ್ದ. ಹೊರಗೆ ನೋಡುತ್ತಿದ್ದ.

ಮನೆಗೆ ಬಂದ ದಿನ ಚಿಕ್ಕಮ್ಮ ತನ್ನ ಕತ್ತರಿಯನ್ನು ಮೊಳೆಗೆ ಸಿಕ್ಕಿಸಿದಳು. ಮತ್ತೆ ತೆಗೆಯಲಿಲ್ಲ. ಮಗುವಿಗೆ ಚಮಚದಲ್ಲಿ ಹನಿಹನಿಯಾಗಿ ಹಾಲು ಹಾಕಿ ಬದುಕಿಸಿಕೊಂಡಳು. ಮೊದಲು ತುಟಿಗೆ, ಆಮೇಲೆ ಅಂಗುಳಕ್ಕೆ ಆಪರೇಷನ್ ಆಯಿತು. ಹೊಲಿಗೆ ಯಂತ್ರದೊಳಗಿನ ಪುಟ್ಟ ದಾರದುಂಡೆ, ಬಾಬಿನ್‌ಗಳನ್ನೇ ಆಟಿಕೆ ಮಾಡಿಕೊಂಡು ಬೆಳೆದ ಆ ಹುಡುಗಿಗೆ ಬಾಬಿನ್ ಎಂದೇ ಹೆಸರು ನಿಂತಿತು. ಮಾತು ಒಂಚೂರು ಮೂಗಿನಿಂದ ಬರುತ್ತದೆ, ಅಷ್ಟೆ. ಈಗ ಅದೇ ಅಂಗಡಿಯಲ್ಲಿ, ಒಂದು ಕಾಲದ ಅಮ್ಮನಷ್ಟೇ ಚೆನ್ನಾಗಿ ಕತ್ತರಿಸುತ್ತಾಳೆ.

ಅಥವಾ ಕತ್ತರಿಸುತ್ತಿದ್ದಳು. ಅವಳು ಬಸುರಿ ಎಂದು ತಿಳಿದ ದಿನವೇ ಚಿಕ್ಕಮ್ಮ ಅವಳ ಕೈಯಿಂದ ಕತ್ತರಿ ಕಿತ್ತುಕೊಂಡಳು.

“ಅಮ್ಮಾ, ನಾನೂ ನಿನ್ನ ಹಾಗೆ ಕೈಕಟ್ಟಿ ನಿಲ್ಲಬೇಕಾ, ಜೀವಮಾನ ಪೂರ್ತಿ?”

“ನಿಲ್ಲು. ಏನೂ ಸವೆದು ಹೋಗಲ್ಲ.”

ಮೂರು ತಿಂಗಳು ತುಂಬಿದಾಗ ಬಾಬಿನ್ ಹಟ ಹಿಡಿದು ಮುಖದ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮನ ಹತ್ತಿರ ಎಲ್ಲರನ್ನೂ ಹೊರಡಿಸಿದಳು. ನಾನೂ ಹೋಗಿದ್ದೆ. ಸಣ್ಣ ಕೋಣೆ, ಕುರ್ಚಿ ಎಲ್ಲರಿಗೂ ಸಾಲಲಿಲ್ಲ. ಚಿಕ್ಕಪ್ಪ ಬಾಗಿಲಿಗೆ ಒರಗಿ ನಿಂತಿದ್ದ.

“ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?” ಎಂದು ಡಾಕ್ಟರಮ್ಮ ಕೇಳಿದರು.

“ಯಾರಿಗೂ ಇಲ್ಲ ಡಾಕ್ಟ್ರೇ,” ಚಿಕ್ಕಮ್ಮ ತಡವಿಲ್ಲದೆ ಹೇಳಿದಳು. “ತಪ್ಪು ನಂದೇ. ಐದು ತಿಂಗಳಿದ್ದಾಗ ಕತ್ತರಿ ಹಿಡಿದಿದ್ದೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಐದು ತಿಂಗಳಿಗೆ ಮುಖ ಆಗಿ ಎಷ್ಟೋ ದಿನ ಆಗಿರುತ್ತಮ್ಮ,” ಎಂದು ತಮ್ಮ ಮುಖವನ್ನೇ ತೋರಿಸುತ್ತಾ ಹೇಳತೊಡಗಿದರು. ಮುಖ ಒಂದೇ ತುಂಡಾಗಿ ಹುಟ್ಟುವುದಿಲ್ಲ. ಹಣೆಯ ಕಡೆಯಿಂದ ಒಂದು ಭಾಗ ಇಳಿದು ಮೂಗಿನ ಸುತ್ತ ಬೆಳೆಯುತ್ತದೆ, ಎರಡು ಕೆನ್ನೆಗಳ ಕಡೆಯಿಂದ ಎರಡು ಭಾಗ ನಡುವಿಗೆ ಬರುತ್ತವೆ. ಆರೇಳು ವಾರದ ಹೊತ್ತಿಗೆ ಅವು ಮೂಗಿನ ಕೆಳಗೆ ಮುಟ್ಟಿ, ನಡುವಿನ ತೆಳು ಪದರ ಕರಗಿ, ಒಂದೇ ತುಟಿಯಾಗುತ್ತದೆ. ಅಂಗುಳದ ಎರಡು ಪಕ್ಕಗಳು ಮೊದಲು ನಾಲಿಗೆಯ ಆಚೀಚೆ ಕೆಳಕ್ಕೆ ಜೋತಿರುತ್ತವೆ. ನಾಲಿಗೆ ತಗ್ಗಿದಾಗ ಮೇಲೆದ್ದು ಅಡ್ಡಲಾಗಿ, ನಡುವೆ ಕೂಡುತ್ತವೆ. ಮೂರು ತಿಂಗಳು ತುಂಬುವಷ್ಟರಲ್ಲಿ ಅದೂ ಮುಗಿಯುತ್ತದೆ. ಬರಬೇಕಾದ ಭಾಗ ತಡವಾದರೆ, ಸಾಲದೆ ಬಂದರೆ, ಸೀಳು ಉಳಿಯುತ್ತದೆ.

“ಅಂದ್ರೆ ಯಾರೂ ಸೀಳೋದಲ್ಲ,” ಬಾಬಿನ್ ಕೇಳಿದಳು. “ಕೂಡದೆ ಉಳಿಯೋದು?”

“ಹಾಗೇ. ತುಟಿ ಕೂಡೋ ಹೊತ್ತಿಗೆ ಎಷ್ಟೋ ಸಲ ತಾಯಿಗೆ ತಾನು ಬಸುರಿ ಅನ್ನೋದೇ ಗೊತ್ತಿರಲ್ಲ. ನಿನ್ ಮಗೂದೂ ಈಗಾಗಲೇ ಕೂಡಿರುತ್ತೆ, ಇಲ್ಲಾ ಕೂಡಿರಲ್ಲ. ಸ್ಕ್ಯಾನಲ್ಲಿ ನೋಡೋಕೆ ಇನ್ನೂ ಕೆಲವು ವಾರ ಬೇಕು. ಇದ್ರೆ ಸರಿಮಾಡೋಣ. ಕಾರಣ ಇಂಥದ್ದೇ ಅಂತ ಬೆರಳಿಟ್ಟು ಹೇಳೋಕೆ ಆಗಲ್ಲ. ಆದ್ರೆ ಮನೆತನದಲ್ಲಿದ್ರೆ ಸಾಧ್ಯತೆ ಜಾಸ್ತಿ.” ಆಮೇಲೆ ಬಾಗಿಲ ಕಡೆ ತಿರುಗಿದರು. “ನಿಮಗೆ ಆಪರೇಷನ್ ಆದಾಗ ಎಷ್ಟು ವಯಸ್ಸು?”

ಚಿಕ್ಕಪ್ಪ ಕೆಮ್ಮಿದ. “ಚಿಕ್ಕವನಿದ್ದಾಗ ಸೈಕಲ್‌ನಿಂದ...”

“ಕೆಂಪು ಸೈಕಲ್ಲು ಡಾಕ್ಟ್ರೇ,” ಚಿಕ್ಕಮ್ಮ ಅಭ್ಯಾಸಬಲದಿಂದ ನಗುತ್ತಾ ಮುಂದುವರಿಸಿದಳು. “ಇಳಿಜಾರು, ಬ್ರೇಕಿಲ್ಲ, ಮೇಕೆ ಬೇರೆ ಅಡ್ಡ ಬಂತು.”

ಅದು ನಮ್ಮ ಮನೆಯ ಹಳೆಯ ಕಥೆ. ಚಿಕ್ಕಪ್ಪನ ದಪ್ಪ ಮೀಸೆಯಲ್ಲಿ ಕೂದಲು ಬಾರದ ಸಣ್ಣ ಗೆರೆಯೊಂದಿತ್ತು. ಮದುವೆಯಾದ ಹೊಸದರಲ್ಲಿ ಚಿಕ್ಕಮ್ಮ ಕೇಳಿದ್ದಕ್ಕೆ ಕಥೆಯೊಳಗೆ ಸೈಕಲ್ ಬಂತು, ಇನ್ನೊಂದು ವರ್ಷಕ್ಕೆ ಮೇಕೆ ಬಂತು. ಅವನಿಗಿಂತ ಚೆನ್ನಾಗಿ ಅವಳೇ ಅದನ್ನು ಹೇಳುತ್ತಿದ್ದಳು.

ಡಾಕ್ಟರಮ್ಮ ನಗಲಿಲ್ಲ. “ಬಿದ್ದ ಗಾಯ ಹೀಗಿರಲ್ಲ. ಆ ಕಡೆ ಹೊಳ್ಳೆನೂ ಚಪ್ಪಟೆ ಇದೆ ನೋಡಿ.”

ಚಿಕ್ಕಮ್ಮ ಎದ್ದಳು. ಸಿದ್ಧವಾದ ಅಂಗಿಯ ಅಂಚನ್ನು ಮಗುಚಿ ನೋಡುವಂತೆ, ಹೆಬ್ಬೆರಳಿನಿಂದ ಅವನ ಮೀಸೆ ಎತ್ತಿ ನೋಡಿದಳು. ರಸ್ತೆಯಾಚೆ ಹೋಗುವವರ ಬಟ್ಟೆಯ ಹೊಲಿಗೆಯನ್ನೂ ಗುರುತಿಸುವವಳು ಅವಳು.

“ಚೆನ್ನಾಗಿ ಹೊಲಿದಿದ್ದಾರೆ,” ಎಂದಳು.

ಅಲ್ಲಿಂದ ನೇರ ಅಂಗಡಿಗೆ ಬಂದೆವು. ಅಂಗಡಿಯ ಬಾಗಿಲು ತೆಗೆದ ಮೇಲೆ ಚಿಕ್ಕಪ್ಪನೇ ಶುರುಮಾಡಿದ.

“ಅಮ್ಮ ಆಣೆ ಹಾಕಿಸಿದ್ರು ಕಣೇ. ಗೊತ್ತಾದ್ರೆ ಯಾರೂ ಹೆಣ್ಣು ಕೊಡಲ್ಲ ಅಂತ.”

“ಮದುವೆಗೆ ಮುಂಚೆ ಸರಿ. ಇವಳು ಹುಟ್ಟಿದ ದಿನ?”

ಅವನು ಅಂಗಡಿಯ ದೀಪ ಹಾಕಲು ತಿರುಗಿದ.

“ಅಮ್ಮ ಹೋಗಿನೂ ಕಾಲ ಆಯ್ತು. ಆಮೇಲೆ?”

“ಕತ್ತರಿ ಬಿಟ್ಟವಳು ನೀನೇ. ಬಿಡು ಅಂತ ನಾನೇನು ಹೇಳಿದ್ನಾ?”

ಚಿಕ್ಕಮ್ಮ ಅವನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: “ಆ ಸೈಕಲ್ಲಿಗೆ ಕೆಂಪು ಬಣ್ಣ ಯಾಕೆ ಹಚ್ಚಿದ್ರಿ?”

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಬೂದು ಬಣ್ಣದ ಕೋಟಿನ ಬಟ್ಟೆ ಹರಡಿತ್ತು. ಗೆರೆ ಮುಗಿಯಿತು. ಚಿಕ್ಕಮ್ಮ ಹಿಂದೆ ಸರಿಯಲಿಲ್ಲ. ಕತ್ತರಿ ಹಿಡಿದು ಬಂದ ಚಿಕ್ಕಪ್ಪನ ಮುಂದೆ ಕೈ ಚಾಚಿದಳು. ಅವನು ಕೊಟ್ಟ. ಹಿಡಿಗೆ ಅವನ ಹೆಬ್ಬೆರಳಿನ ಗಾತ್ರಕ್ಕೆ ಬಟ್ಟೆ ಸುತ್ತಿತ್ತು. ಅದನ್ನು ಬಿಚ್ಚಿ ಎಸೆದಳು.

ನೇರಗೆರೆ ಚೆನ್ನಾಗಿಯೇ ಹೋಯಿತು. ಕಂಕುಳ ತಿರುವಿಗೆ ಬಂದಾಗ ಅಲಗು ಗೆರೆ ಬಿಟ್ಟು ಒಳಗೆ ಜಾರಿತು. ಚಿಕ್ಕಮ್ಮ ನಿಂತಳು. ಬಟ್ಟೆಯನ್ನಲ್ಲ, ತನ್ನ ಕೈಯನ್ನು ನೋಡಿಕೊಂಡಳು. ಯಾರದೋ ಕೈಯನ್ನು ನೋಡುವ ಹಾಗೆ.

“ಕೊಡು, ನಾನು...” ಎಂದ ಚಿಕ್ಕಪ್ಪ.

“ಬೇಡ. ಬಾಬಿನ್, ಬಾ ಇಲ್ಲಿ.”

ಬಾಬಿನ್ ಬಂದಳು. ಚಿಕ್ಕಮ್ಮ ಕತ್ತರಿಯನ್ನು ಅವಳ ಅಂಗೈಯಲ್ಲಿಟ್ಟು, ಉಳಿದ ಬಟ್ಟೆಯಲ್ಲಿ ಜಾಗ ಹೊಂದಿಸಿ ಹೊಸ ಗೆರೆ ಎಳೆದಳು. ಕತ್ತರಿಯ ಸದ್ದು ಶುರುವಾಯಿತು, ಉದ್ದಕ್ಕೆ, ತಡೆಯಿಲ್ಲದೆ. ಚಿಕ್ಕಪ್ಪ ಖಾಲಿ ಮೊಳೆಯ ಪಕ್ಕ ನಿಂತಿದ್ದ.

ಪ್ಯಾಂಟಿನ ಅಳತೆಗೆ ಬಂದ ಗಿರಾಕಿಯೊಬ್ಬ ಹೊಸ್ತಿಲಲ್ಲೇ ನಿಂತು ಆಶ್ಚರ್ಯಪಟ್ಟ. “ಏನ್ ಮಾಸ್ಟರ್, ಇವತ್ತು ಕೈ ಖಾಲಿ?”

ಚಿಕ್ಕಮ್ಮ ಗೆರೆಯಿಂದ ತಲೆ ಎತ್ತಲಿಲ್ಲ.

“ಸೈಕಲ್‌ನಿಂದ ಬಿದ್ರು,” ಎಂದಳು.